ಒಂದೇ ತಂತಿಯ ಎರಡು ಸ್ವರ

ಬಂಗುಡೆಯ ಕಿವಿರಿಗೆ ಬೆರಳು ತೂರಿಸಿದ ಹೊತ್ತಿಗೆ ಸರಿಯಾಗಿ ಫೋನು ಟಿಣ್ ಎಂದಿತು.

ಹರಿಣಿ ಮೆಟ್ಟುಕತ್ತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಎರಡೂ ಕೈ ಮೀನಿನ ನೆತ್ತರು. ಮುಂಬೈಯ ಭಾಂಡುಪ್‌ನ ಆ ಬಿಲ್ಡಿಂಗಿನಲ್ಲಿ ಭಾನುವಾರ ಬೆಳಿಗ್ಗೆ ಎಲ್ಲರ ಅಡುಗೆಮನೆಯೂ ಒಟ್ಟಿಗೇ ಏಳುತ್ತದೆ. ಒಂದು ಕುಕ್ಕರು ಕೂಗಿ ಮುಗಿಸಿದರೆ ಇನ್ನೊಂದು ಶುರು. ಅಷ್ಟು ಗದ್ದಲದಲ್ಲೂ ಆ ಒಂದು ಟಿಣ್ ಸದ್ದಿಗೆ ಅವಳ ಕಿವಿ ತೆರೆದೇ ಇತ್ತು.

"ಯಕ್ಷೀ, ಪಪ್ಪನ ಹಾಡು ಬಂತು ಕಾಣ್ತದೆ. ಒಮ್ಮೆ ಒತ್ತು ಮಗಾ, ನನ್ನ ಕೈಯೆಲ್ಲ ಮೀನು."

ಮೊದಲೆಲ್ಲ ಹನ್ನೆರಡು ವರ್ಷದ ಯಕ್ಷಿತಾ ಈ ಮಾತು ಮುಗಿಯುವುದರೊಳಗೆ ಹಾರಿ ಬರುತ್ತಿದ್ದಳು. ಇವತ್ತು ನಿಧಾನವಾಗಿ ಬಂದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಒತ್ತಿ, ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು. ಹಾಡಿನ ಕಡೆ ಅವಳ ಗಮನವಿರಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಗಿಟಾರು ನುಡಿಯಿತು. ಸುಕೇಶನ ಗಿಟಾರಿನದೇ ದನಿ. ಹಿತ್ತಾಳೆಯ ಹಂಡೆಯೊಳಗಿಂದ ಬಂದಂತೆ ತುಸು ಗೊಗ್ಗರು, ಅಂಚಿನಲ್ಲಿ ಚೂರು ಸುಟ್ಟ ಹಾಗೆ. ಮದುವೆಯಾದಂದಿನಿಂದ ಗೋಡೆಯಾಚೆ ಕೇಳಿದ ದನಿ ಅದು. ಗೋವಾದಲ್ಲಿ ರೆಕಾರ್ಡಿಂಗ್ ಇದೆ ಎಂದು ಗಿಟಾರನ್ನು ಹೆಗಲಿಗೇರಿಸಿ ಹೋದ ಗಂಡ ಏಳು ವಾರವಾದರೂ ಮರಳಿರಲಿಲ್ಲ. ಅವನ ಫೋನು ಸತ್ತಿತ್ತು. ಆದರೆ ಪ್ರತಿ ಭಾನುವಾರ ಇಂಟರ್ನೆಟ್ಟಿನಲ್ಲಿ ಅವನು ಹಾಡುಗಳನ್ನು ಇಟ್ಟುಕೊಳ್ಳುತ್ತಿದ್ದ ಫೋಲ್ಡರಿಗೆ ಒಂದು ಹೊಸ ತುಣುಕು ಬಂದು ಬೀಳುತ್ತಿತ್ತು, ಅವಳ ಫೋನು ಟಿಣ್ ಎನ್ನುತ್ತಿತ್ತು.

ಆ ಹಾಡುಗಳೇ ಅವಳ ಧೈರ್ಯ. ಆ ಹಾಡುಗಳೇ ಅವಳ ಶತ್ರು. "ವಾರವಾರ ಹಾಡು ಕಳಿಸುವವನನ್ನು ನಾವು ಎಲ್ಲಿ ಅಂತ ಹುಡುಕುವುದು ತಾಯಿ? ಸಿಟ್ಟು ಇಳಿದ ಮೇಲೆ ಬರುತ್ತಾನೆ," ಎಂದು ಠಾಣೆಯ ಸಾಹೇಬರು ದೂರಿನ ಕಾಗದವನ್ನು ಉಳಿದ ಕಾಗದಗಳ ಕೆಳಗೆ ಇಟ್ಟಿದ್ದರು.

ತುಣುಕು ಮುಗಿಯಿತು. ಹರಿಣಿಯ ಬೆರಳು ಮೀನಿನೊಳಗೇ ನಿಂತಿತ್ತು.

"ಇನ್ನೊಮ್ಮೆ ಹಾಕು."

"ಯಾಕೆ?" ಯಕ್ಷಿತಾ ಥಟ್ಟನೆ ಕೇಳಿದಳು. "ಅಚ್ಛಾ ಇಲ್ವಾ?"

"ಚೆನ್ನಾಗುಂಟು. ಹಾಕು."

ಎರಡನೇ ಸಲ ಕೇಳಿದಾಗ ಅನುಮಾನ ಉಳಿಯಲಿಲ್ಲ. ಸುಕೇಶನ ಬೆರಳು ದಪ್ಪ ತಂತಿಯ ಮೇಲೆ ಜಾರುವಾಗ ಕುಂಯ್ ಎಂದು ಒಂದು ಸದ್ದು ಬರುತ್ತಿತ್ತು. "ಗಿಟಾರೊಳಗೆ ಇಲಿ ಸಾಕಿದ್ದೀರಾ?" ಎಂದು ಅವಳು ಚೇಷ್ಟೆ ಮಾಡುತ್ತಿದ್ದುದು ಅದಕ್ಕೇ. ಇವತ್ತಿನ ಹಾಡಿನಲ್ಲಿ ಇಲಿ ಇರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮಹಡಿಯ ಕಾಶಿನಾಥ ಕಾಕಾ. ಅಕ್ಕಲಕೋಟೆ ಕಡೆಯವರು, ಮುಂಬೈ ಪೊಲೀಸಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ಈಗ ನಿವೃತ್ತರು. ಸುಕೇಶನನ್ನು ಹುಡುಕುವ ಕೆಲಸವನ್ನು ಯಾರೂ ಹೇಳದೆಯೇ ತಲೆಯ ಮೇಲೆ ಹೊತ್ತುಕೊಂಡಿದ್ದರು.

"ಹಾಡ ಬಂತೇನವಾ ತಂಗಿ? ಕೆಳಗ ಕೇಳ್ತು."

ಹರಿಣಿ ಕೈ ತೊಳೆದು ಅವರಿಗೆ ಚಾ ಕೊಟ್ಟಳು. ಇಲಿಯ ವಿಷಯ ಹೇಳಿದಳು. ಕಾಕಾ ಚಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಾ ಕೇಳಿದರು.

"ಅಂದ್ರ ಬೆರಳಿಲ್ಲದ ಹಾಡು ಅನ್ನು," ಎಂದರು ಕೊನೆಗೆ. "ಆ ಫೋಲ್ಡರಿನ ಪಾಸ್‌ವರ್ಡ್ ಮತ್ಯಾರಿಗೆ ಗೊತ್ತದ?"

"ತಿಲಕನಿಗೆ ಗೊತ್ತುಂಟು. ಇಬ್ಬರೂ ಒಟ್ಟಿಗೆ ಕೆಲಸ ಮಾಡ್ತಿದ್ರಲ್ಲ."

"ಸುಕೇಶನ್ನ ಕಡೀಕ ನೋಡಿದಾಂವನೂ ಅವನ. ಸೀರಿ ಉಟ್ಕೊಂಡು ಬಾ. ಬಾಂದ್ರಾಕ್ಕ ಹೋಗೂಣು."

ಯಕ್ಷಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ತಿಲಕ್ ಅಂಕಲ್ ಹತ್ರ ಯಾಕೆ?" ಎಂದಳು. ಮತ್ತೇನೋ ಕೇಳಲು ಬಾಯಿ ತೆರೆದು, ಮುಚ್ಚಿಕೊಂಡಳು.

"ಪಕ್ಕದ ಸೇವಂತಿ ಆಂಟಿ ಹತ್ರ ಇರು ಮಗಾ. ಬೇಗ ಬರ್ತೇನೆ."

ಹರಿಣಿ ಅರ್ಧ ಕ್ಲೀನಾದ ಮೀನನ್ನು ಅರಿಶಿನ ಉಪ್ಪು ಸವರಿ ಫ್ರಿಜ್ಜಿಗೆ ಹಾಕಿದಳು.

*

ಹಳಿ ರಿಪೇರಿಗೆಂದು ಅರ್ಧ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕು. ಲೋಕಲು ತೆವಳಿ ತೆವಳಿ ದಾದರ್ ಮುಟ್ಟಿತು. ಅಲ್ಲಿ ಸೇತುವೆ ದಾಟಿ ಇನ್ನೊಂದು ಲೋಕಲು. ಬಾಂದ್ರಾದಲ್ಲಿ ಒಂದು ಬೇಕರಿಯ ಮೇಲೆ ತಿಲಕನ ಸ್ಟುಡಿಯೋ. ಹೆಸರು ದೊಡ್ಡದು, ಒಳಗೆ ಇಬ್ಬರು ಕೂತರೆ ಮೂರನೆಯವನು ನಿಲ್ಲಬೇಕು. ಗೋಡೆಗೆಲ್ಲ ಕಪ್ಪು ಫೋಮು. ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಮೂಲೆಯಲ್ಲಿ ಒಂದು ಹಳೆಯ ಗಿಟಾರು.

"ಅತ್ತಿಗೆ!" ತಿಲಕ ಗಡಬಡಿಸಿ ಎದ್ದ. ಗಡ್ಡ ಬಿಟ್ಟಿದ್ದ, ಕಣ್ಣುಗಳು ಕೆಂಪಗಿದ್ದವು. "ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ ಅಲ್ವಾ?"

"ನೀ ಬರಾಂವ ಅಲ್ಲ ಅಂತನ ನಾವ ಬಂದೀವಿ," ಎಂದರು ಕಾಕಾ, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂರುತ್ತಾ. "ಈ ಹಾಡ ಕೇಳು."

ತಿಲಕ ತುಣುಕನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಮೊದಲು ತಲೆ ಆಡಿಸಿದ. ನಡುವೆ ಒಂದು ಕಡೆ ಹುಬ್ಬು ಗಂಟಾಯಿತು. ಕೊನೆಗೆ ಸಣ್ಣಗೆ ನಕ್ಕ.

"ಎಂತ ನಗು ಅದು?" ಹರಿಣಿಗೆ ಉರಿಯಿತು.

"ಅಲ್ಲ ಅತ್ತಿಗೆ, ಇದು ಗಿಟಾರೇ ಅಲ್ಲ."

"ಗಿಟಾರಲ್ಲದೆ ನಾಗಸ್ವರವಾ?"

"ಕಂಪ್ಯೂಟರೊಳಗಿನ ವಾದ್ಯ. ಒಂದು ನಿಮಿಷ, ತೋರಿಸ್ತೇನೆ." ಅವನು ಕೀಬೋರ್ಡಿನ ಒಂದು ಮನೆ ಒತ್ತಿದ. ಸ್ಟೀಲ್ ತಟ್ಟೆಗೆ ಚಮಚ ತಾಗಿದಂತೆ ಒಣಕಲು ಸದ್ದು. "ಇದು ಬರೀ ವಾದ್ಯ. ಪ್ರತಿಯೊಂದು ಸ್ವರವನ್ನೂ ಮೊದಲೇ ಬೇರೆ ಬೇರೆ ರೆಕಾರ್ಡ್ ಮಾಡಿ ಒಳಗೆ ಇಟ್ಟಿರ್ತಾರೆ. ಬೆರಳು ಬೇಡ, ತಂತಿ ಬೇಡ. ಕೀ ಒತ್ತಿದ್ರೆ ಸಾಕು, ಇಲ್ಲಾಂದ್ರೆ ಮೌಸಲ್ಲಿ ಗೆರೆ ಎಳೆದ್ರೂ ಸಾಕು. ಆದ್ರೆ ಯಾರು ನಂಬ್ತಾರೆ ಇದನ್ನು? ಅದಕ್ಕೆ ಇದರ ಮೇಲೆ ಗಿಟಾರಿನವರು ಹಾಕುವ ಎಫೆಕ್ಟ್ ಪ್ಲಗ್-ಇನ್, ಅಂದ್ರೆ ದನಿ ಬದಲಿಸುವ ಸಾಫ್ಟ್‌ವೇರು, ಹಾಕೋದು."

ಅವನು ಮೌಸು ಒತ್ತಿದ. ಪರದೆಯ ಮೇಲೆ ಹಳೆಯ ಕಾಲದ ಗಿಟಾರ್ ಆಂಪ್ಲಿಫೈಯರಿನ ಚಿತ್ರ ಮೂಡಿತು. ಸಾಲಾಗಿ ದುಂಡನೆಯ ಗುಬುಟುಗಳು, ಕೆಳಗೆ ಬಣ್ಣಬಣ್ಣದ ಪೆಡಲುಗಳು. ಅದೇ ಮನೆಯನ್ನು ಮತ್ತೆ ಒತ್ತಿದ.

ಹರಿಣಿ ಹಿಂದೆ ತಿರುಗಿ ನೋಡಿದಳು. ಹಿತ್ತಾಳೆಯ ಹಂಡೆ. ಅಂಚಿನಲ್ಲಿ ಸುಟ್ಟ ದನಿ. ಸುಕೇಶ ಅದೇ ಕೋಣೆಯಲ್ಲಿ, ಅವಳ ಭುಜದ ಹಿಂದೆ ಕೂತ ಹಾಗೆ.

ಕಾಕಾ ಕೂತಲ್ಲಿಂದ ಅಲುಗಲಿಲ್ಲ. ದನಿ ಮಾತ್ರ ತಗ್ಗಿತು.

"ತಿಲಕ. ಸುಕೇಶನ ದನಿ ನಿನ್ನ ಕಡೆ ಹ್ಯಾಂಗ ತಯಾರದ?"

ತಿಲಕನ ಕೈ ಮೌಸಿನ ಮೇಲೇ ನಿಂತಿತು.

"ತಂಗಿ ಕೇಳೇ ಇಲ್ಲ, ನೀ ಹುಡುಕ್ಲೂ ಇಲ್ಲ. ಒಂದ ಗುಂಡಿ ಒತ್ತಿದಿ, ಬಂತು. ಮನ್ಯಾಗ ಒಗ್ಗರಣಿ ಡಬ್ಬಿ ತಗದಂಗ. ದಿನಾ ಮಾಡೂ ಅಡಿಗಿ ಅಲ್ಲೇನೋ ಇದು?"

"ಕಾಕಾ, ನಾನು..."

"ಅಂವ ಎಲ್ಲಿದ್ದಾನ?"

"ಗೊತ್ತಿಲ್ಲ! ದೇವರಾಣೆ ಗೊತ್ತಿಲ್ಲ!" ತಿಲಕ ಹರಿಣಿಯ ಕಡೆ ತಿರುಗಿದ. "ಅತ್ತಿಗೆ, ಅವ ಹೋದ ಮೂರನೇ ದಿನ ಯಾವುದೋ ಹೊಸ ನಂಬರಿನಿಂದ ಫೋನ್ ಮಾಡಿದ. 'ಬರ್ಲಿಕ್ಕೆ ಸ್ವಲ್ಪ ಲೇಟಾಗ್ತದೆ. ಇಲ್ಲಿ ನುಡಿಸುವ ಹಾಗಿಲ್ಲ. ಭಾನುವಾರ ಹಾಡು ಬರದಿದ್ರೆ ಯಕ್ಷಿ ಊಟ ಬಿಡ್ತಾಳೆ, ನನ್ನ ಹಾಗೆ ಮಾಡಿ ಹಾಕು ಮಾರಾಯಾ' ಅಂದ. ಇಟ್ಟ. ನಾನು ನಾಲ್ಕು ವಾರ ಹಾಕಿದೆ. ಹಳೇ ರೆಕಾರ್ಡಿಂಗಿಂದ ಆ ಬೆರಳು ಜಾರುವ ಸದ್ದನ್ನು ಕತ್ತರಿಸಿ ತಂದು ಅಂಟಿಸಿದ್ದೆ ಸಹ."

"ನಾಲ್ಕೂ ನೀನೇ ಮಾಡಿದ್ದು?" ಎಂದಳು ಹರಿಣಿ. ಆ ನಾಲ್ಕು ಹಾಡುಗಳನ್ನು ಅವಳು ಹಾಸಿಗೆಯಲ್ಲಿ ಕಿವಿಯ ಪಕ್ಕ ಇಟ್ಟುಕೊಂಡು ಕೇಳಿದ್ದಳು. "ಠಾಣೆಯಲ್ಲಿ ಅದನ್ನೇ ತೋರಿಸಿ ನನ್ನನ್ನು ವಾಪಸ್ ಕಳಿಸಿದ್ರು ತಿಲಕ. ಹುಡುಕುವುದೇ ಬೇಡ ಅಂದ್ರು. ನಿನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಯಾರಿಗೂ ಹೇಳಬೇಡ ಅಂದಿದ್ದ. ಮತ್ತೆ ಫೋನೇ ಬರ್ಲಿಲ್ಲ. ನನಗೆ ಹೆದರಿಕೆ ಆಯ್ತು, ನಿಲ್ಲಿಸಿದೆ. ಐದನೇ ಭಾನುವಾರ ನಾನು ಹಾಕದೆಯೇ ಹಾಡು ಬಂತು! ಅವನೇ ಕಳಿಸ್ತಿದ್ದಾನೆ ಅಂತ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ? ಅವನದ್ದಲ್ಲದಿದ್ರೆ ಅಂತ ತೆರೆದು ಕೇಳ್ಲಿಕ್ಕೂ ಧೈರ್ಯ ಬರ್ಲಿಲ್ಲ."

"ಅಂದ್ರ ಇವತ್ತಿಂದು ನಿಂದಲ್ಲ ಅಂತಿ," ಎಂದರು ಕಾಕಾ.

"ನಂದಾ?" ತಿಲಕನಿಗೆ ಭಯದ ನಡುವೆಯೂ ಅವಮಾನವಾದಂತಿತ್ತು. "ಇಂಥ ತಪ್ಪು ನಾನು ಮಾಡ್ತೇನಾ ಕಾಕಾ?"

ಅವನು ಮೂಲೆಯ ಗಿಟಾರನ್ನು ಎತ್ತಿಕೊಂಡ. "ಅತ್ತಿಗೆ, ಇಲ್ಲಿ ನೋಡಿ. ಎಲ್ಲಕ್ಕಿಂತ ದಪ್ಪ ತಂತಿ ಇದು. ಇವತ್ತಿನ ಹಾಡಿನ ನಡುವೆ ಗುಡುಗಿನ ಹಾಗೆ ಎರಡು ತಗ್ಗಿನ ಸ್ವರ ಒಟ್ಟಿಗೆ ಬರ್ತದೆ. ಒಂದು ಇದು." ಬರೀ ತಂತಿಯನ್ನು ಮೀಟಿದ. "ಇನ್ನೊಂದು ಇದು." ಅದೇ ತಂತಿಯನ್ನು ಬೆರಳಿನಿಂದ ಒತ್ತಿ ಮೀಟಿದ. "ಎರಡೂ ಈ ಒಂದೇ ತಂತಿ ಮೇಲೆ ಇರೋದು. ಅಷ್ಟು ತಗ್ಗಿಗೆ ಬೇರೆ ಯಾವ ತಂತಿಯೂ ಇಳಿಯೋದಿಲ್ಲ. ಒಟ್ಟಿಗೆ ಹೇಗೆ ನುಡಿಸ್ತೀರಿ?"

ಹರಿಣಿ ಆ ತಂತಿಯನ್ನು ನೋಡಿದಳು. ಒಂದೇ ಬಾಯಿಯಲ್ಲಿ ಒಂದೇ ಸಲ ಎರಡು ಮಾತು ಆಡಿದ ಹಾಗೆ.

"ಕೀಬೋರ್ಡಲ್ಲಾದ್ರೆ ಎರಡು ಬೆರಳು ಇಟ್ರಾಯ್ತು. ಕಂಪ್ಯೂಟರು ಬೇಡ ಅನ್ನೋದಿಲ್ಲ. ಕೆಲಸ ಗೊತ್ತಿದ್ದವ ಮಾತ್ರ ಬೇಡ ಅಂತಾನೆ. ಮತ್ತೊಂದು ಕೇಳಿ." ಅವನು ಹಾಡಿನ ಕೊನೆಯನ್ನು ಮತ್ತೆ ಹಾಕಿದ. ಸ್ವರ ಸಣ್ಣದಾಗುತ್ತಾ ಹೋಗಿ, ಆರುವ ಮೊದಲೇ ಕಡಿದು ಬಿದ್ದಂತೆ ನಿಂತಿತು. "ಇದಕ್ಕೆ ಗೇಟ್ ಅಂತೇವೆ. ದನಿ ಇಷ್ಟಕ್ಕಿಂತ ಸಣ್ಣದಾದ್ರೆ ಬಾಗಿಲು ಹಾಕು ಅಂತ. ಸುಕೇಶ ಮನೆಯಲ್ಲಿ ರೆಕಾರ್ಡ್ ಮಾಡುವಾಗ ನಿಮ್ಮ ಫ್ಯಾನು, ಟ್ರೇನಿನ ಸದ್ದು ಎಲ್ಲ ಬರ್ತಿತ್ತಲ್ಲ, ಅದಕ್ಕೇ ಹಾಕಿದ್ದ. ಕಂಪ್ಯೂಟರೊಳಗಿನ ವಾದ್ಯಕ್ಕೆ ಫ್ಯಾನೂ ಇಲ್ಲ, ಟ್ರೇನೂ ಇಲ್ಲ. ಬಾಗಿಲು ಯಾಕೆ ಬೇಕು?"

"ಹಂಗಾರ ಹಾಕಿದ್ದ್ಯಾಕ?"

"ಗೊತ್ತಿಲ್ಲದೆ ಹಾಕಿದ್ದು. ಸುಕೇಶನ ಸೆಟಿಂಗನ್ನು ಇಡೀಯಾಗಿ ಎತ್ತಿ ತಂದು ಇಟ್ಟಿದ್ದಾರೆ. ಒಳಗೆ ಎಂತೆಂತ ಉಂಟು ಅಂತ ಗೊತ್ತಿಲ್ಲದವರು ಯಾರೋ."

"ನಿನ್ನ ಸೆಟಿಂಗ್ ಇರಬೌದಲ್ಲ?"

"ನಂದು ಕಿವಿಯಲ್ಲಿ ಕೇಳಿ ಹತ್ತಿರ ತಂದದ್ದು ಕಾಕಾ. ಗೇಟೂ ಇಲ್ಲ ನೋಡಿ. ಅವನದ್ದೇ ಅಸಲು ಅವನ ಕಂಪ್ಯೂಟರಲ್ಲಿ ಮಾತ್ರ ಉಂಟು."

"ಅದು ಎಲ್ಲದ?"

ತಿಲಕ ಹರಿಣಿಯ ಕಡೆ ನೋಡಿದ.

"ನಮ್ಮ ಮನೆಯಲ್ಲಿ," ಎಂದಳು ಹರಿಣಿ.

*

ದಾದರಿನ ಸೇತುವೆಯ ಮೇಲೆ ಜನ ನುಗ್ಗಿ ಬರುತ್ತಿದ್ದರು. ಕಾಕಾ ಹೂವಿನವಳ ಬುಟ್ಟಿಯ ಪಕ್ಕ ಸರಿದು ನಿಂತರು.

"ಕೇಳಬಾರದ್ದು ಕೇಳ್ತೀನಿ, ಸಿಟ್ಟಾಗಬ್ಯಾಡ. ಆ ಕಂಪ್ಯೂಟರ ನೀ ಮುಟ್ಟೀಯೇನು?"

"ಧೂಳು ಒರೆಸುವುದು ಬಿಟ್ರೆ ಇಲ್ಲ ಕಾಕಾ."

"ಮನ್ಯಾಗ ಮತ್ಯಾರದಾರ?"

ನಾಲ್ಕು ಜನ ಕಳ್ಳರ ನಡುವೆ ಕಳ್ಳನನ್ನು ಹಿಡಿಯುವುದು ಬೇರೆ. ಇಬ್ಬರೇ ಇರುವ ಮನೆಯಲ್ಲಿ ಹಿಡಿಯುವುದು ಬೇರೆ.

"ನಾಳಿ ಮುಂಜಾನೆ ನಾ ಠಾಣೇಕ್ಕ ಹೋಗಾಂವ," ಎಂದರು ಕಾಕಾ. "ಏಳು ಹಾಡೂ ಸುಳ್ಳು, ಮನುಷ್ಯಾ ನಿಜವಾಗ್ಲೂ ಕಾಣಿಯಾಗ್ಯಾನ ಅಂತ ಹೇಳೂದ. ಇನ್ನ ತಡಾ ಮಾಡಿದ್ರ ನಡ್ಯಂಗಿಲ್ಲ."

"ಮಗುವಿನ ಹೆಸರು..."

"ತರಂಗಿಲ್ಲ. ಆದ್ರ ನನಗ ಖರೇ ಏನಂತ ಗೊತ್ತಾಗಬೇಕು."

"ಹೋಗಿ ಕೇಳ್ತೇನೆ."

"ಕೇಳಬ್ಯಾಡ." ಕಾಕಾ ತಲೆಯಾಡಿಸಿದರು. "ಇಷ್ಟ ವರ್ಷ ಮಂದೀನ ಕೇಳಿ ಕೇಳಿ ಒಂದ ಕಲ್ತೀನಿ. ಕೂಸಿನ ಕೇಳಿದ್ರ ಸುಳ್ಳು ಹೇಳತದ. ಪಾಪ, ನಿನ್ನ ಸಲುವಾಗೇ ಹೇಳತದ. ಸುಮ್ಮ ಕೂಡು. ಆಕೀನ ಬಾಯಿ ತಗೀಲಿ."

*

ಹರಿಣಿ ಹಾಗೆಯೇ ಮಾಡಿದಳು. ಮನೆಗೆ ಬಂದು ಸೀರೆ ಬದಲಿಸಿ, ಮೆಣಸು ಅರೆದು, ಮೀನನ್ನು ಹುಳಿಗೆ ಬಿಟ್ಟಳು. ಕಂಪ್ಯೂಟರು ಇದ್ದ ಕೋಣೆಯ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ದಾಟಿತ್ತು. ಕುಚ್ಚಲಕ್ಕಿ ಅನ್ನದ ಮೇಲೆ ಸಾರು ಬಡಿಸಿ ಮಗಳ ಪಕ್ಕ ಕೂತು, ಬಂಗುಡೆಯ ನಡುಮುಳ್ಳನ್ನು ಬಿಡಿಸಿ ಅವಳ ತಟ್ಟೆಯ ಅಂಚಿಗೆ ಮೀನು ಇಟ್ಟಳು.

ಯಕ್ಷಿತಾ ಅನ್ನವನ್ನು ಕಲಸುತ್ತಲೇ ಇದ್ದಳು.

"ತಿಲಕ್ ಅಂಕಲ್ ಏನಂದ್ರು?"

"ನಿನ್ನನ್ನು ಕೇಳಿದ್ರು. ಎಷ್ಟು ಉದ್ದ ಆದ್ಲು ಅಂತ."

ಹರಿಣಿ ಇನ್ನೊಂದು ಮುಳ್ಳು ತೆಗೆದಳು. ಕೈ ಆತುರಪಡಲಿಲ್ಲ.

"ಅಮ್ಮಾ, ನೀನು ಗುಸ್ಸಾ ಆಗಲ್ಲ ಅಲ್ವಾ?"

"ಇಲ್ಲ."

"ಪಕ್ಕಾ?"

"ಪಕ್ಕಾ."

ತಟ್ಟೆಯೊಳಗೆ ಟಪ್ಪನೆ ಒಂದು ಹನಿ ಬಿತ್ತು. "ಇವತ್ತಿಂದು ನಾನು ಮಾಡಿದ್ದು. ಪಪ್ಪನ ಕಂಪ್ಯೂಟರಲ್ಲಿ. ಗಿಟಾರ್ ಪಪ್ಪ ಕೊಂಡೋಗಿದ್ದಾರಲ್ಲ, ಅದಕ್ಕೆ ಅದರೊಳಗಿನ ಗಿಟಾರಿಗೆ ಪಪ್ಪನ ಸೌಂಡ್ ಹಾಕಿದೆ. ಗುಡುಗು ಬರ್ಲಿ ಅಂತ ಕೆಳಗಿನದ್ದು ಎರಡೂ ಒತ್ತಿದೆ."

ಹರಿಣಿ ಎಡಗೈಯಿಂದ ಅವಳ ಬೆನ್ನು ಸವರಿದಳು. "ಯಾಕೆ ಮಗಾ?"

"ಅವತ್ತು ಒಂದು ಸಂಡೇ ಹಾಡು ಬರ್ಲೇ ಇಲ್ಲ. ನೀನು ಊಟ ಮಾಡ್ಲಿಲ್ಲ. ಫೋನ್ ಹಿಡ್ಕೊಂಡು ಕಿಟಕಿ ಹತ್ರ ಬೈಠೀ ರಹೀ. ನಂಗೆ ಡರ್ ಆಯ್ತು. ಸಂಜೆ ಮಾಡಿ ಹಾಕಿದೆ. ಆಮೇಲೆ ನೀನು ಎರಡು ಚಪಾತಿ ತಿಂದೆ."

ಏಳು ವಾರ ಮಗಳಿಗಾಗಿ ಧೈರ್ಯದ ಮುಖ ಹೊತ್ತಿದ್ದ ಹರಿಣಿ ಈಗ ಆ ಮುಖವನ್ನು ಎಲ್ಲಿ ಇಡಬೇಕೋ ತಿಳಿಯದೆ ತಟ್ಟೆಯನ್ನೇ ನೋಡಿದಳು. ತನ್ನನ್ನು ಕಾಯುತ್ತಿದ್ದವಳು ಈ ಪುಟ್ಟ ಮಗಳೇ. ಅವತ್ತು ಹಾಡು ಬಂತಲ್ಲ ಎಂಬ ಸಮಾಧಾನದಲ್ಲಿ ತಾನು ಇಲಿಯ ಸದ್ದಿಗೆ ಕಿವಿಗೊಟ್ಟಿರಲೇ ಇಲ್ಲ.

"ಹಾಗಾದ್ರೆ ಅದು, ಹೋದ ವಾರದ್ದು, ಇವತ್ತಿನದ್ದು. ಮೂರು."

"ನಹೀಂ. ಎರಡೇ."

"ಮೂರು ಮಗಾ. ಹೋದ ವಾರ ಸಹ ಬಂದಿತ್ತಲ್ಲ."

"ಹೋದ ವಾರ ನಂಗೆ ಫೀವರ್ ಇತ್ತಲ್ವಾ ಅಮ್ಮಾ!"

ಹೌದು. ಶನಿವಾರ, ಭಾನುವಾರ ಎರಡೂ ದಿನ ಹರಿಣಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಹಾಸಿಗೆಯ ಪಕ್ಕದಿಂದ ಎದ್ದಿರಲಿಲ್ಲ. ಬಂದ ಹಾಡನ್ನು ಮಗಳ ಕಿವಿಗೆ ಹಿಡಿದದ್ದು ಬಿಟ್ಟರೆ ತಾನು ಸರಿಯಾಗಿ ಕೇಳಿರಲೂ ಇಲ್ಲ.

ಅವಳದಲ್ಲ. ತಿಲಕನದಲ್ಲ. ಹರಿಣಿಯ ಕೈಯಲ್ಲಿದ್ದ ಮುಳ್ಳು ಬೆರಳಿಗೆ ಚುಚ್ಚಿತು.

"ಅದು ಪಪ್ಪ," ಎಂದಳು ಯಕ್ಷಿತಾ. "ಅಸಲೀ ಪಪ್ಪ. ನಾವು ಒಂದು ಗೇಮ್ ಆಡ್ತೇವೆ. ಅರ್ಧ ಅವರು ನುಡಿಸ್ತಾರೆ, ಬಾಕಿ ನಾನು ಮುಗಿಸ್ಬೇಕು. ಹೋದ ವಾರದ್ದು ಅರ್ಧಕ್ಕೆ ನಿಂತಿತ್ತು. ನಂಗೇ ಕಳಿಸಿದ್ದು ಅಂತ ಬಾಕಿ ಅರ್ಧ ಇವತ್ತು ಹಾಕಿದೆ. ಸುನ್ ಲೇಂಗೇ ತೋ, ಕೇಳಿದ್ರೆ, ಮನೆಗೆ ಬರ್ತಾರೆ ಅಂತ."

ಹರಿಣಿ ಕೈ ತೊಳೆಯಲೂ ಇಲ್ಲ. ಸಾರಿನ ಬೆರಳಲ್ಲೇ ಫೋನು ತೆಗೆದು ಹೋದ ಭಾನುವಾರದ ತುಣುಕನ್ನು ಒತ್ತಿದಳು.

ಕುಂಯ್ ಎಂದು ಬೆರಳು ಜಾರಿತು. ಆಮೇಲೆ ಒಂದು ಎಳೆ ರಾಗ, ಅವಸರದಲ್ಲಿ, ಪಿಸುಮಾತಿನಷ್ಟು ಮೆಲ್ಲಗೆ. ಅದರ ಅಡಿಯಲ್ಲಿ ಗಿಟಾರಿನ ಮೈಯನ್ನು ಬೆರಳುಗಳಿಂದ ತಟ್ಟುವ ತಾಳ: ಟಕ್, ಟಕ್. ಒಂದು ಸ್ವರವನ್ನು ಎಳೆದ, ಅದು ಮೇಲೆ ಮೇಲೆ ಏರುತ್ತಿತ್ತು. ಇದ್ದಕ್ಕಿದ್ದಂತೆ ಅಂಗೈ ಇಟ್ಟು ಒತ್ತಿದ ಹಾಗೆ ತಂತಿಗಳೆಲ್ಲ ಒಮ್ಮೆಲೇ ಉಸಿರು ಕಟ್ಟಿ ಸುಮ್ಮನಾದವು. ಆ ಮೌನದಲ್ಲಿ ತಾಳ ಇನ್ನೊಮ್ಮೆ ತಟ್ಟಿತು. ಟಕ್.

ಅಷ್ಟೇ.

ಗಂಡ ಬದುಕಿದ್ದಾನೆ. ಹೋದ ಭಾನುವಾರದವರೆಗಾದರೂ ಬದುಕಿದ್ದ. ಹರಿಣಿ ಫೋನನ್ನು ಎದೆಗೆ ಒತ್ತಿಕೊಂಡು ಕಾಕಾನನ್ನು ಕೂಗಲು ಎದ್ದಳು. ಮಗಳು ಅವಳ ಸೆರಗು ಹಿಡಿದಳು. ಬೆಳಿಗ್ಗೆಯಿಂದ, ಇಲ್ಲ, ಒಂದು ವಾರದಿಂದ ಆ ಪುಟ್ಟ ಬಾಯಿಯ ತನಕ ಬಂದು ಬಂದು ಹಿಂದಿರುಗುತ್ತಿದ್ದುದು ಈಗ ಹೊರಗೆ ಬಂತು.

"ಅಮ್ಮಾ, ಗೇಮಲ್ಲಿ ಪಪ್ಪ ಹಾಗೆ ನಿಲ್ಲಿಸಲ್ಲ. ನಾನು ಬಹುತ್ ಬಾರ್ ಕೇಳಿದೆ. ಒಂದು ಕೈ ತಂತಿ ಎಳೀತಾ ಉಂಟು. ಇನ್ನೊಂದು ಕೈ ತಾಳ ಹಾಕ್ತಾ ಉಂಟು. ಪಪ್ಪನ ಎರಡೂ ಕೈಗೆ ಕೆಲಸ ಉಂಟು." ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಮತ್ತೆ ತಂತಿಯನ್ನೆಲ್ಲ ಒಟ್ಟಿಗೆ ಮುಚ್ಚಿದ ಆ ಕೈ ಯಾರದ್ದಮ್ಮಾ?"